ಅರ್ಧ ಗೂಡಿನ ಮುಂದೆ ಐದನೇ ತರಗತಿ

ಮುಂಗಾರಿನ ಹದ ಮಳೆ ಬಿದ್ದು ಹುಲ್ಲು ಗೇಣುದ್ದ ಏಳುವವರೆಗೆ ಗೀಜಗ ಗೂಡಿಗೆ ತೊಡಗುವುದಿಲ್ಲ. ತುಮಕೂರು ಸೀಮೆಯ ಬಯಲಿಗೆ ಆ ಕಾಲ ಬರುವಾಗ ಶಾಲೆಗಳು ಬಾಗಿಲು ತೆರೆದು ಕೆಲವು ವಾರ ಕಳೆದಿರುತ್ತವೆ. ಗಂಡುಹಕ್ಕಿಯ ನೆತ್ತಿ, ಎದೆ ಅಷ್ಟರೊಳಗೆ ಅರಿಸಿನ ಬಣ್ಣಕ್ಕೆ ತಿರುಗಿರುತ್ತವೆ; ಕೆನ್ನೆ, ಗಂಟಲು ಕಪ್ಪಾಗಿರುತ್ತವೆ. ಜೋಳದ ಗರಿಯದೋ ಹುಲ್ಲಿನದೋ ಅಂಚಿಗೆ ಅದು ಕೊಕ್ಕಿನಿಂದ ಕಚ್ಚು ಹಾಕಿ, ಕಚ್ಚಿದ್ದನ್ನು ಬಿಡದೆ ಹಾರುತ್ತದೆ. ಹಾರಿದ ರಭಸಕ್ಕೆ ಸಣ್ಣ ಸೀಳೊಂದು ಸರ್ರನೆ ಕಿತ್ತು ಬರುತ್ತದೆ. ಒಂದು ಗೂಡು ಪೂರ್ತಿಯಾಗಲು ಇಂಥ ಓಡಾಟ 500ರವರೆಗೂ ಬೇಕಾಗಬಹುದು.

ನಾನು ನೋಡಿದ ಗೂಡುಗಳು ಒಂದು ಸರ್ಕಾರಿ ಶಾಲೆಯ ಕಾಂಪೌಂಡಿನಾಚೆ, ಪಾಳುಬಿದ್ದ ಬಾವಿಯ ಮೇಲಕ್ಕೆ ಬಾಗಿದ್ದ ಈಚಲ ಮರದಲ್ಲಿ ತೂಗುತ್ತಿದ್ದವು. ಕೆಳಗೆ ನೀರು, ಬುಡದ ಸುತ್ತ ಮುಳ್ಳು: ಗೀಜಗ ಇಂಥ ಜಾಗವನ್ನೇ ಹುಡುಕುತ್ತದೆ. ಹಕ್ಕಿ ನೋಡಲೆಂದು ಹೋದ ನಾನು, ಹಕ್ಕಿಯನ್ನು ನೋಡುತ್ತಿದ್ದ ಐದನೇ ತರಗತಿಯ ಮಕ್ಕಳನ್ನೂ ಆ ಮಕ್ಕಳನ್ನು ಗಮನಿಸುತ್ತಿದ್ದ ಅವರ ಮಿಸ್ಸನ್ನೂ ಮಳೆಗಾಲ ಮುಗಿಯುವವರೆಗೆ ನೋಡುತ್ತ ಉಳಿದೆ.

ಅವರ ಬಳಿ ಇದ್ದದ್ದು ಒಂದು ಹಳೆಯ ಸ್ಮಾರ್ಟ್‌ಫೋನು, ಸಿಮ್ ಇಲ್ಲದ್ದು. ಕಾಂಪೌಂಡ್ ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಚೌಕ ಬರೆದಿದ್ದರು. ದಿನವೂ ಪ್ರಾರ್ಥನೆಗೆ ಮೊದಲು ಇಬ್ಬರು ಮಕ್ಕಳು ಸರದಿಯ ಮೇಲೆ ಫೋನನ್ನು ಆ ಚೌಕದಲ್ಲಿ ನಿಲ್ಲಿಸಿ ಮರದ ಒಂದೇ ಒಂದು ಚಿತ್ರ ತೆಗೆಯುತ್ತಿದ್ದರು. ಬಾವಿಗೆ ಕಟ್ಟೆ ಇರಲಿಲ್ಲವಾದ್ದರಿಂದ ಗೋಡೆ ದಾಟುವಂತಿರಲಿಲ್ಲ. ಫ್ಲ್ಯಾಶ್ ಹಾಕುವಂತಿರಲಿಲ್ಲ. ಹಕ್ಕಿಯ ಕೂಗನ್ನು ಫೋನಿನಲ್ಲಿ ನುಡಿಸಿ ಕರೆಯುವಂತೆಯೂ ಇರಲಿಲ್ಲ. ಗೂಡು ಕಟ್ಟುವ ಹಕ್ಕಿಗೆ ಆ ಕೂಗು ಜಾಗ ಕಸಿಯಲು ಬಂದ ಎದುರಾಳಿಯದಾಗಿ ಕೇಳಿಸುತ್ತದೆ. ಮರಿ ಮಾಡುವ ಕಾಲದಲ್ಲಿ ಫೋನು ಹಿಡಿದು ಮರ ಸುತ್ತುವ ದೊಡ್ಡವರು ಈ ಮೂರು ಕಟ್ಟಳೆಯನ್ನು ಆ ಮಕ್ಕಳಿಂದ ಕಲಿಯಬೇಕು.

ವಾರಕ್ಕೊಮ್ಮೆ ಪ್ರತಿಯೊಂದು ಮಗುವೂ ಅದೇ ಫೋನಿಗೆ ಒಂದು ನಿಮಿಷ ಮಾತಾಡಬೇಕು. ಪ್ರಶ್ನೆ ಎರಡೇ. ಏನು ನೋಡಿದೆ? ಅದು ಹಾಗೇ ಅಂತ ನಿನಗೆ ಹೇಗೆ ಗೊತ್ತಾಯಿತು? ಹಾಜರಿ ಸಂಖ್ಯೆ ಮತ್ತು ತಾರೀಖು, ಇದಿಷ್ಟೇ ಧ್ವನಿಮುದ್ರಣದ ಹೆಸರು. ಮಿಸ್ ಅವನ್ನು ಬಸ್ಸಿನಲ್ಲಿ ಊರಿಗೆ ಮರಳುವಾಗ ಇಯರ್‌ಫೋನಿನಲ್ಲಿ ಕೇಳುತ್ತಿದ್ದರು.

ಜೂನ್ ತಿಂಗಳ ಧ್ವನಿಗಳನ್ನು ಅವರು ನನಗೂ ಕೇಳಿಸಿದರು. ಮಕ್ಕಳು ಹೇಳಿದ್ದೆಲ್ಲ ಸರಿಯಾಗಿತ್ತು, ಎಲ್ಲರದೂ ಒಂದೇ ಆಗಿತ್ತು. ಹಕ್ಕಿ ಗೂಡು ಕಟ್ಟುತ್ತದೆ. ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಕಾವು ಕೊಡುತ್ತದೆ. ಇದನ್ನು ಹೇಳಲು ಯಾರೂ ಗೋಡೆಯ ಬಳಿ ನಿಲ್ಲಬೇಕಾಗಿರಲಿಲ್ಲ. ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಬರುತ್ತಿತ್ತು, ಮಗು ಮರದ ಕಡೆ ತಲೆಯೆತ್ತಿ ನೋಡಿತ್ತೋ ಇಲ್ಲವೋ ತಿಳಿಯುತ್ತಲೂ ಇರಲಿಲ್ಲ.

ಜುಲೈ ಎರಡನೇ ವಾರ. ಗಂಡುಗಳು ಈಚಲ ಗರಿಯ ತುದಿಗೆ ಮೊದಲ ಗಂಟು ಹಾಕಿ, ಗಂಟಿನಿಂದ ಬಳೆಯನ್ನು ಇಳಿಸಿ, ಬಳೆಯ ಮೇಲೆ ಮಾಡು ಹೆಣೆದು, ಅಡಿಗೆ ಅಡ್ಡಪಟ್ಟಿ ಬಿಟ್ಟಿದ್ದವು. ಈ ಹಂತದಲ್ಲಿ ಗೂಡು ಟೊಪ್ಪಿಗೆಯ ಹಾಗೆ ಕಾಣುತ್ತದೆ. ಇಲ್ಲಿಗೆ ಗಂಡು ಕೆಲಸ ನಿಲ್ಲಿಸುತ್ತದೆ. ಹೆಣ್ಣುಗಳು ಬಂದಾಗ ಮರದ ಗಂಡುಗಳೆಲ್ಲ ಒಟ್ಟಿಗೇ ರೆಕ್ಕೆ ಬಡಿದು ಚಿಲಿಪಿಲಿಗುಟ್ಟುತ್ತವೆ. ಹೆಣ್ಣು ಅರ್ಧ ಗೂಡಿನೊಳಗೆ ಹೊಕ್ಕು, ಎಳೆದು, ಜಗ್ಗಿ, ಕೂತು ನೋಡುತ್ತದೆ. ಒಪ್ಪಿದರೆ ಮಾತ್ರ ಗಂಡು ಮುಂದೆ ಮೊಟ್ಟೆಯ ಕೋಣೆಯನ್ನು ಮುಚ್ಚಿ, ಕೆಳಗೆ ಉದ್ದನೆಯ ಕೊಳವೆಯನ್ನು ಹೆಣೆಯುತ್ತದೆ. ಒಪ್ಪದ ಗೂಡು ಹಾಗೆಯೇ ನಿಂತುಬಿಡುತ್ತದೆ.

ಹಾಗೆ ನಿಂತ ಗೂಡುಗಳು ತರಗತಿಯನ್ನು ಎರಡು ಪಾಲು ಮಾಡಿದವು. ಕಟ್ಟುತ್ತಿದ್ದ ಹಕ್ಕಿ ಸತ್ತುಹೋಗಿದೆ ಎಂದು ಕೆಲವರು. ಮಳೆ ಜಾಸ್ತಿಯಾಯಿತು ಎಂದು ಇನ್ನು ಕೆಲವರು. ಒಬ್ಬ ಹುಡುಗಿಯ ಧ್ವನಿಮುದ್ರಣ ಹೀಗಿತ್ತು: “ಗೂಡು ಅರ್ಧಕ್ಕೇ ನಿಂತೈತೆ ಮಿಸ್. ಗಂಡು ಐತೆ, ಸತ್ತಿಲ್ಲ, ಪಕ್ಕದ ಗರೀಲಿ ಇನ್ನೊಂದು ಗಂಟಾಕ್ತಾ ಐತೆ. ಅದೇ ಹಕ್ಕಿ ಅಂತ ಹೆಂಗೆ ಹೇಳ್ತೀನಿ ಅಂದ್ರೆ… ಗೊತ್ತಿಲ್ಲ ಮಿಸ್. ನಾಳೆ ನೋಡ್ತೀನಿ.” ಆ ‘ನಾಳೆ ನೋಡ್ತೀನಿ’ ಎಂಬಲ್ಲಿಗೆ ಮಿಸ್ ತಮ್ಮ ಪುಸ್ತಕದಲ್ಲಿ ಗುರುತು ಹಾಕಿದ್ದರು. ತಾನು ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಆ ಮಗು ತಾನಾಗಿ ಬೇರ್ಪಡಿಸಿತ್ತು. ಅವರ ಮೌಲ್ಯಮಾಪನದ ಮಾನದಂಡಗಳಲ್ಲಿ ಇದೇ ಮೊದಲನೆಯದು. ಮರಳಿ ಹೋಗಿ ನೋಡಿದೆಯೇ, ಗೆಳೆಯರ ಮಾತು ಕೇಳಿ ನಿನ್ನ ಮಾತು ತಿದ್ದಿಕೊಂಡೆಯಾ, ಇವು ಆಮೇಲಿನವು. ಉತ್ತರ ಸರಿಯೇ ಎಂಬುದೂ ಇತ್ತು, ಕೊನೆಯಲ್ಲಿ.

1930ರ ಮಳೆಗಾಲದಲ್ಲಿ ಕೊಂಕಣ ತೀರದ ಕಿಹಿಮ್‌ನಲ್ಲಿ ಪಕ್ಷಿತಜ್ಞ ಸಲೀಂ ಅಲಿ ಇಂಥದೇ ಗೂಡುಗಳ ಮುಂದೆ ದಿನಗಟ್ಟಲೆ ಕೂತಿದ್ದರು. ಒಂದೇ ಗಂಡು ಒಂದಾದ ಮೇಲೊಂದು ಗೂಡು ಕಟ್ಟಿ, ಒಪ್ಪಿದ ಹೆಣ್ಣಿಗೆ ಒಂದೊಂದನ್ನು ಬಿಟ್ಟುಕೊಟ್ಟು ಮುಂದೆ ಸಾಗುತ್ತದೆ ಎಂಬುದು ಹಾಗೆ ಕೂತದ್ದರಿಂದ ತಿಳಿದುಬಂತು. ಒಂದು ದಿನ ಹೋಗಿ ಬಂದವರಿಗೆ ಅದು ಕಾಣುವಂಥದ್ದಲ್ಲ. ನಿನ್ನೆಯದನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡಿದವರಿಗೆ ಮಾತ್ರ ಕಾಣುತ್ತದೆ. ಮಗುವಿನ ಕಲಿಕೆಯೂ ಹಾಗೆಯೇ ಕಾಣಬೇಕಾದದ್ದು ಎಂದು ನಾನು ನಂಬುತ್ತೇನೆ. ಜೂನ್‌ನ ಧ್ವನಿಯನ್ನು ಆಗಸ್ಟ್‌ನ ಧ್ವನಿಯ ಪಕ್ಕದಲ್ಲಿಟ್ಟು ಕೇಳಲು ಆ ಫೋನು ಇಲ್ಲದಿದ್ದರೆ ಆಗುತ್ತಿರಲಿಲ್ಲ. ಶಿಕ್ಷಕಿಯ ನೆನಪಿಗೆ ಅಷ್ಟು ಮಕ್ಕಳ ಅಷ್ಟು ವಾರದ ಮಾತುಗಳನ್ನು ಹೊರುವ ಶಕ್ತಿ ಇರುವುದಿಲ್ಲ, ಇರಬೇಕೆಂದು ಕೇಳುವುದೂ ಅನ್ಯಾಯ.

ಎಲ್ಲ ಮಕ್ಕಳಿಗೂ ಫೋನಿಗೆ ಮಾತಾಡುವುದು ಒಗ್ಗಲಿಲ್ಲ. ಒಬ್ಬ ಹುಡುಗ ರೆಕಾರ್ಡಿಂಗಿನ ಕೆಂಪು ಚುಕ್ಕಿ ಕಂಡ ಕೂಡಲೇ ಬಾಯಿ ಕಟ್ಟಿದವನಾಗುತ್ತಿದ್ದ. ಅವನಿಗೆ ಮಿಸ್ ಬೇರೆ ಕೆಲಸ ಕೊಟ್ಟರು: ಗೋಡೆಯಿಂದ ತೆಗೆದ ಚಿತ್ರಗಳಲ್ಲಿ ಎಂಟನ್ನು ತಾರೀಖಿಲ್ಲದೆ, ಕಲೆಸಿ, ಶಾಲೆಯ ಟ್ಯಾಬಿನಲ್ಲಿ ಮುಂದಿಟ್ಟು ಯಾವುದು ಮೊದಲು, ಯಾವುದು ಆಮೇಲೆ ಎಂದು ಸಾಲಾಗಿ ಜೋಡಿಸಲು ಹೇಳಿದರು. ನಾನು ಪಕ್ಕದಲ್ಲಿ ಕೂತಿದ್ದೆ. ಅವನು ಬೆರಳಿನಿಂದ ಚಿತ್ರಗಳನ್ನು ಸರಿಸುತ್ತ ಹೋದ. ಗಾಳಿಗೆ ಕೊಳವೆ ಹರಿದು ಮೊಂಡಾಗಿದ್ದ ಹಳೆಯ ಗೂಡೊಂದನ್ನು ಎಲ್ಲಕ್ಕಿಂತ ಮೊದಲು ಇಟ್ಟ. ಅಲ್ಲಿ ಅವನ ತರ್ಕ ನೇರವಾಗಿತ್ತು: ಅರ್ಧ ಇರುವುದೇ ಆರಂಭ. ಪರೀಕ್ಷೆಯಾಗಿದ್ದರೆ ಅಲ್ಲಿಗೆ ತಪ್ಪು ಗುರುತು ಬಿದ್ದು ಮುಗಿಯುತ್ತಿತ್ತು. ಮಿಸ್ “ಯಾಕಪ್ಪಾ?” ಎಂದಷ್ಟೇ ಕೇಳಿ ಸುಮ್ಮನಾದರು.

ಅವನು ಬಹಳ ಹೊತ್ತು ನೋಡಿದ. ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದ. ಇನ್ನೊಂದು ಅರ್ಧ ಗೂಡನ್ನು ತೆರೆದು ಅದನ್ನೂ ಹಿಗ್ಗಿಸಿದ. ಆಮೇಲೆ ಮೊದಲಿನದನ್ನು ಎಳೆದು ಎಲ್ಲಕ್ಕಿಂತ ಕೊನೆಗೆ ತಂದ. “ಇದು ಒಣಗೈತೆ. ಅದು ಹಸಿರೈತೆ,” ಎಂದ. ಹೊಸ ಸೀಳಿನ ಗೂಡು ಹಸಿರಾಗಿರುತ್ತದೆ, ದಿನ ಕಳೆದಂತೆ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಆಕಾರ ಮೋಸ ಮಾಡಿದಲ್ಲಿ ಬಣ್ಣ ವಯಸ್ಸು ಹೇಳುತ್ತದೆ. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮಿಸ್ ಟ್ಯಾಬಿನ ಪರದೆಯನ್ನು ಮೊದಲ ಜೋಡಣೆಯಲ್ಲಿ ಒಮ್ಮೆ, ತಿದ್ದಿದ ಜೋಡಣೆಯಲ್ಲಿ ಒಮ್ಮೆ ಹಿಡಿದಿಟ್ಟುಕೊಂಡಿದ್ದರು. ಎರಡೂ ಅವನ ಕೆಲಸಗಳನ್ನು ಕೂಡಿಡುವ ಕೃತಿ ಸಂಪುಟಕ್ಕೆ ಸೇರಿದವು. ಮೊದಲನೆಯದನ್ನು ಅಳಿಸದೆ ಉಳಿಸಿದ್ದು ನನಗೆ ಬಹಳ ಹಿಡಿಸಿತು. ಎರಡೂ ಇದ್ದರೆ ತಾನೇ ನಡುವೆ ಏನಾಯಿತು ಎಂದು ಓದಲು ಸಾಧ್ಯ?

ಆಗಸ್ಟ್‌ನಲ್ಲಿ ಒಂದು ಪ್ರಶ್ನೆ ಮಕ್ಕಳಿಂದಲೇ ಬಂತು. ಗೂಡುಗಳೆಲ್ಲ ಮರದ ಒಂದೇ ಮಗ್ಗುಲಿಗೆ ಯಾಕೆ? ಫೋನಿನಲ್ಲಿ ದಿಕ್ಸೂಚಿ ಇದೆ ಎಂದು ಒಬ್ಬಳಿಗೆ ಗೊತ್ತಿತ್ತು. ಹಿಡಿದು ನೋಡಿದರೆ ಹೆಚ್ಚಿನವು ಪೂರ್ವಕ್ಕೆ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುತ್ತದೆ, ಗೀಜಗದ ಗೂಡುಗಳು ಸಾಮಾನ್ಯವಾಗಿ ಅದರ ಹೊಡೆತ ತಪ್ಪುವ ಪೂರ್ವದ ಮಗ್ಗುಲಲ್ಲೇ ಇರುತ್ತವೆ. ಮಿಸ್ ಇದನ್ನು ಹೇಳಲಿಲ್ಲ. ಅಂಗಳದಲ್ಲಿ ಒಣಹಾಕಿದ ಬಟ್ಟೆ ಯಾವ ಕಡೆಗೆ ಹಾರುತ್ತದೆ ನೋಡಿಬನ್ನಿ ಎಂದರು. ಮಾರನೆಯ ವಾರದ ಧ್ವನಿಗಳಲ್ಲಿ ಗಾಳಿಯ ಮಾತು ತಾನಾಗಿ ಬಂತು, ಎಲ್ಲರಿಂದಲ್ಲದಿದ್ದರೂ ಸಾಕಷ್ಟು ಮಂದಿಯಿಂದ.

ಹಕ್ಕಿ ಗುರುತಿಸುವ ಆ್ಯಪ್‌ಗಳ ಬಗ್ಗೆ ಒಂದು ಮಾತು. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಕೂಗು ಕೇಳಿಸಿಕೊಂಡು ಹಕ್ಕಿಯ ಹೆಸರು ಹೇಳುತ್ತದೆ, ನಾನೂ ಬಳಸುತ್ತೇನೆ. ಆದರೆ ತರಗತಿಯಲ್ಲಿ ಹೆಸರಿಗೆ ಅಂಕ ಕೊಟ್ಟರೆ ಅದು ಆ್ಯಪ್‌ಗೆ ಕೊಟ್ಟ ಅಂಕವಾಗುತ್ತದೆ. ಹೆಣ್ಣು ಗೀಜಗ ನೋಡಲು ಹೆಚ್ಚುಕಡಿಮೆ ಗುಬ್ಬಚ್ಚಿಯಂತೆಯೇ ಇರುತ್ತದೆ. ಅದನ್ನು ಗುಬ್ಬಿ ಎಂದ ಮಗುವನ್ನು ಯಾಕೆ ಹಾಗೆಂದೆ ಎಂದು ಕೇಳಿದರೆ ಕೊಕ್ಕಿನ ದಪ್ಪ, ಬೆನ್ನಿನ ಗೆರೆ ಎಲ್ಲ ಮಾತಿಗೆ ಬರುತ್ತವೆ. ತಿಳಿವಳಿಕೆಯನ್ನು ಅಳೆಯಬೇಕಾದದ್ದು ಆ ಮಾತಿನಲ್ಲಿ.

ಇದೆಲ್ಲ ಕಾನೂನಿಗೆ ಹೊರತಾದ ಪ್ರಯೋಗವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಶಕ್ತಿಯನ್ನೂ ನಿರಂತರವಾಗಿ, ಸಮಗ್ರವಾಗಿ ಅಳೆಯಬೇಕೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಗತಿ ಪತ್ರದಲ್ಲಿ ಮಗು ತನ್ನನ್ನು ತಾನೇ ಅಳೆದುಕೊಳ್ಳುವುದಕ್ಕೂ ಸಹಪಾಠಿಗಳ ಅಭಿಪ್ರಾಯಕ್ಕೂ ಜಾಗವಿದೆ. ನಮ್ಮ ರಾಜ್ಯದಲ್ಲಂತೂ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿಯ ಮೆಟ್ಟಿಲೇರುತ್ತ ಹೋಗಲಿ ಎಂಬ ನಂಬಿಕೆಯ ಮೇಲೆಯೇ ನಿಂತಿದೆ. ನಮ್ಮ ಶಾಲೆಗಳಲ್ಲಿ ವರ್ಷದ ನಡುನಡುವೆ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು ಇಂಥ ಕೆಲಸಕ್ಕೆಂದೇ ಇರುವಂಥವು. ಅವನ್ನೂ ಕಿರುಪರೀಕ್ಷೆಯಾಗಿ ಮಾಡಿಕೊಂಡವರು ನಾವು.

ಮಕ್ಕಳ ಧ್ವನಿಯ ವಿಷಯದಲ್ಲಿ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಆ ಶಾಲೆಯಲ್ಲಿ ಪೋಷಕರ ಸಭೆಯಲ್ಲಿ ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದರು, ಮಗುವಿನ ಮುಖದ ಚಿತ್ರ ತೆಗೆಯುತ್ತಿರಲಿಲ್ಲ, ಧ್ವನಿಗಳು ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತಿರಲಿಲ್ಲ. ಗೂಡಿರುವ ಜಾಗವನ್ನೂ ಯಾರಿಗೂ ಹಂಚುತ್ತಿರಲಿಲ್ಲ. ಮಗುವಿಗೂ ಹಕ್ಕಿಗೂ ಒಂದೇ ಕಾಪು.

ಗೀಜಗ ಇಲ್ಲದ ಊರಿನವರು ಹೊಂಗೆಯನ್ನೋ ಬೇವನ್ನೋ ಹುಣಸೆಯನ್ನೋ ಹಿಡಿಯಬಹುದು. ಸೀಸನ್‌ವಾಚ್ ಯೋಜನೆಯಲ್ಲಿ ಶಾಲಾ ಮಕ್ಕಳು ಒಂದೇ ಮರವನ್ನು ವಾರವಾರವೂ ನೋಡಿ ಎಲೆ, ಹೂ, ಕಾಯಿ ಇಲ್ಲವೇ, ಕೊಂಚವೇ, ಬಹಳವೇ ಎಂದು ದಾಖಲಿಸುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ಬಹಳ ಮುಂದಿವೆ. ಹೊಂಗೆ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಚಿಗುರುವುದನ್ನು ಮಕ್ಕಳು ಹೀಗೆಯೇ ಹಿಂಬಾಲಿಸಬಹುದು.

ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು. ಬರುವ ಜೂನ್‌ನಲ್ಲಿ ಶಾಲೆಯ ಹತ್ತಿರದ ಒಂದು ಮರವನ್ನು ಆರಿಸಿಕೊಳ್ಳಿ, ಒಂದೇ ಒಂದು ಫೋನು ಸಾಕು, ವಾರಕ್ಕೆ ಒಂದು ನಿಮಿಷ ಪ್ರತಿ ಮಗುವಿನ ಮಾತನ್ನು ಇಟ್ಟುಕೊಳ್ಳಿ. ತಪಾಸಣೆಗೆ ಬರುವ ಶಿಕ್ಷಣ ಇಲಾಖೆಯ ಅಧಿಕಾರಿಗಳಲ್ಲಿ ಇನ್ನೊಂದು ಕೋರಿಕೆ: ರೂಪಣಾತ್ಮಕ ಮೌಲ್ಯಮಾಪನದ ಕಡತದಲ್ಲಿ ಉತ್ತರಪತ್ರಿಕೆಯ ಬದಲು ಧ್ವನಿಮುದ್ರಣ ಕಂಡರೆ ಆಕ್ಷೇಪಿಸಬೇಡಿ, ಕೂತು ಒಂದೆರಡನ್ನಾದರೂ ಕೇಳಿ, ದಾಖಲೆಯೆಂದು ಒಪ್ಪಿ ಸಹಿ ಮಾಡಿ.