ಸವಾಯಿ, ದೀಡಿ ಮತ್ತು ನಿಯತ ಇಳಿಜಾರು: ಮಂಠಾಳ ಸೀಮೆಯ ಬಡ್ಡಿಲೆಕ್ಕದ ವಿವೇಚನೆ

ಬಸವಕಲ್ಯಾಣ ತಾಲೂಕಿನ ಮಂಠಾಳ ಮರಾಠಿ ನಾಡಿನ ಅಂಚಿನಲ್ಲಿದೆ. ಕನ್ನಡ, ಮರಾಠಿ, ದಖನಿ ಉರ್ದು ಬೆರೆತ ಈ ಗಡಿಸೀಮೆಯ ಕಾಳಿನ ಸಾಲದ ವ್ಯವಹಾರದಲ್ಲಿ ಸವಾಯಿ, ದೀಡಿ ಎಂಬ ಎರಡು ಮಾತುಗಳಿವೆ. ಬಿತ್ತನೆಗೆ ತಂದ ಕಾಳನ್ನು ಸುಗ್ಗಿಯಲ್ಲಿ ಒಂದೂಕಾಲು ಪಟ್ಟು ಹಿಂದಿರುಗಿಸುವುದು ಸವಾಯಿ. ಒಂದೂವರೆ ಪಟ್ಟಾದರೆ ದೀಡಿ. ಗಣಿತಶಾಸ್ತ್ರವು ಬದಲಾವಣೆಯ ದರವೆಂದು ಕರೆಯುವ ಪರಿಕಲ್ಪನೆಯನ್ನು ಅಕ್ಷರವರಿಯದ ರೈತನೂ ಈ ಮಾತುಗಳಲ್ಲಿ ಹಿಡಿದಿಟ್ಟುಕೊಂಡಿದ್ದನು.

ನಾಲ್ಕು ಚೀಲ ಜೋಳವನ್ನು ದೀಡಿಯ ಮೇಲೆ ಪಡೆದು, ಹಲವು ಸುಗ್ಗಿಗಳವರೆಗೆ ತೀರಿಸಲಾಗಲಿಲ್ಲವೆಂದು ಭಾವಿಸಬಹುದು. ಬಡ್ಡಿಯನ್ನು ಮೂಲ ಕಾಳಿನ ಮೇಲಷ್ಟೇ ಎಣಿಸಿದರೆ ಸಾಲವು 4, 6, 8, 10, 12 ಚೀಲವೆಂದು ಬೆಳೆಯುತ್ತದೆ. ಸುಗ್ಗಿಗಳನ್ನು ಅಡ್ಡಗೆರೆಯಲ್ಲಿ, ಚೀಲಗಳನ್ನು ಉದ್ದಗೆರೆಯಲ್ಲಿ ಗುರುತಿಸಿದರೆ ಬಿಂದುಗಳೆಲ್ಲ ಒಂದೇ ಸರಳರೇಖೆಯ ಮೇಲೆ ಬೀಳುತ್ತವೆ. ಒಂದನೆಯ ಸುಗ್ಗಿಯಿಂದ ಮೂರನೆಯದಕ್ಕೆ ಹೆಚ್ಚಿದ್ದು ನಾಲ್ಕು ಚೀಲ, ಕಳೆದದ್ದು ಎರಡು ಸುಗ್ಗಿ, ಭಾಗಲಬ್ಧ 2. ಬೇರೆ ಯಾವ ಎರಡು ಬಿಂದುಗಳನ್ನು ಆರಿಸಿಕೊಂಡರೂ ಭಾಗಲಬ್ಧ 2 ಆಗಿಯೇ ಉಳಿಯುತ್ತದೆ. ನಿಯತ ಇಳಿಜಾರು ಎಂದರೆ ಇಷ್ಟೇ. (ಏರುವ ರೇಖೆಗೂ ಇಳಿಜಾರು ಎನ್ನಬೇಕಾದದ್ದು ಪರಿಭಾಷೆಯ ಒಂದು ತೊಡಕು.) ಮೂಲದ ನಾಲ್ಕು ಚೀಲ ರೇಖೆಯ ಆರಂಭವನ್ನು ಮಾತ್ರ ಸೂಚಿಸುತ್ತದೆ, ಅದರ ಓರೆಯನ್ನು ಸೂಚಿಸುವುದು ಸುಗ್ಗಿಗೆ ಎರಡು ಚೀಲವೆಂಬ ಏರಿಕೆ.

ತೀರದ ಬಡ್ಡಿಯನ್ನು ಮೂಲಕ್ಕೆ ಸೇರಿಸುವ ಚಕ್ರಬಡ್ಡಿಯಲ್ಲಿ ಲೆಕ್ಕವೇ ಬೇರೆಯಾಗುತ್ತದೆ: 4, 6, 9, 13½, 20¼. ಸುಗ್ಗಿಯಿಂದ ಸುಗ್ಗಿಗೆ ಏರಿಕೆ 2, 3, 4½, 6¾. ಪ್ರಮಾಣ ಒಂದೂವರೆಯಾಗಿಯೇ ಉಳಿಯುತ್ತದೆ, ಇಳಿಜಾರು ಮಾತ್ರ ಕಡಿದಾಗುತ್ತ ಹೋಗುತ್ತದೆ. ಮೊದಲ ಸುಗ್ಗಿಯಲ್ಲಿ ಎರಡು ಲೆಕ್ಕಗಳೂ ಆರು ಚೀಲವನ್ನೇ ತೋರಿಸುವುದರಿಂದ, ತಾನು ಯಾವ ಲೆಕ್ಕಕ್ಕೆ ಸಿಲುಕಿದ್ದೇನೆಂಬುದು ಸಾಲಗಾರನಿಗೆ ಆಗ ತಿಳಿಯುವಂತಿರಲಿಲ್ಲ. ನಾಲ್ಕನೆಯ ಸುಗ್ಗಿಯ ಹೊತ್ತಿಗೆ ವ್ಯತ್ಯಾಸವು ಎಂಟೂಕಾಲು ಚೀಲ, ಅಂದರೆ ಮೂಲ ಸಾಲದ ಎರಡು ಪಟ್ಟಿಗೂ ಮಿಗಿಲು.

ನಿಯತ ದರದ ಲೆಕ್ಕಕ್ಕೆ ಈ ಪ್ರದೇಶದಲ್ಲಿ ಶಾಸ್ತ್ರೀಯ ಪರಂಪರೆಯೂ ಇದೆ. ಮಾನ್ಯಖೇಟದ ಅಮೋಘವರ್ಷನನ್ನು ಸ್ತುತಿಸಿದ ಮಹಾವೀರಾಚಾರ್ಯನು 9ನೇ ಶತಮಾನದ ತನ್ನ 'ಗಣಿತಸಾರಸಂಗ್ರಹ'ದಲ್ಲಿ ತ್ರೈರಾಶಿಕವನ್ನೂ ಬಡ್ಡಿಯ ಲೆಕ್ಕಗಳನ್ನೂ ವಿವರಿಸಿದ್ದಾನೆ. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳಲ್ಲಿ ಫಲವನ್ನು ಪ್ರಮಾಣದಿಂದ ಭಾಗಿಸಿ ದೊರೆಯುವುದೇ ಇಳಿಜಾರು. ದರವು ನಿಯತವಾಗಿರುವವರೆಗೆ ಮಾತ್ರ ತ್ರೈರಾಶಿಕ ನಡೆಯುತ್ತದೆ. ಚಕ್ರಬಡ್ಡಿಗೆ ಅದು ಸಲ್ಲದು.

ಇನ್ನೂ ಗಮನಾರ್ಹವಾದದ್ದು ಕಲ್ಯಾಣದಲ್ಲಿಯೇ ದೊರೆಯುತ್ತದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು 'ಮಿತಾಕ್ಷರಾ' ರಚಿಸಿದನು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯು ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗದ ಬಡ್ಡಿಯನ್ನು ವಿಧಿಸುತ್ತದೆ; ಆ ದರದಲ್ಲಿ ಸಾಲವು ಇಮ್ಮಡಿಸಲು 80 ತಿಂಗಳು ಬೇಕು. ಬೆಳವಣಿಗೆಗೂ ಅದು ಮಿತಿ ಹಾಕುತ್ತದೆ: ಹೊನ್ನಿಗೆ ಎರಡು ಪಟ್ಟು, ಧಾನ್ಯಕ್ಕೆ ಮೂರು, ವಸ್ತ್ರಕ್ಕೆ ನಾಲ್ಕು. ಮಿತಿ ಮುಟ್ಟಿದ ರೇಖೆ ಅಡ್ಡವಾಗಿ ಮಲಗುತ್ತದೆ, ಇಳಿಜಾರು ಸೊನ್ನೆಯಾಗುತ್ತದೆ. ಮೇಲಿನ ನಾಲ್ಕು ಚೀಲಕ್ಕೆ ಈ ಮಿತಿ ಹನ್ನೆರಡು. ನೇರ ಲೆಕ್ಕದ ದೀಡಿ ಅದನ್ನು ನಾಲ್ಕನೆಯ ಸುಗ್ಗಿಗೆ ಮುಟ್ಟಿದರೆ, ಚಕ್ರಬಡ್ಡಿ ಮೂರನೆಯ ಸುಗ್ಗಿಗೇ ದಾಟಿರುತ್ತದೆ.

ಆದರೆ ವಿಜ್ಞಾನೇಶ್ವರನು ಒಂದು ದಾರಿಯನ್ನು ತೆರೆದಿಟ್ಟಿದ್ದಾನೆ. ಹಳೆಯ ಸಾಲವನ್ನು ಹೊಸ ವ್ಯವಹಾರವಾಗಿ ಮಾಡಿಕೊಂಡರೆ ಮಿತಿಯನ್ನು ಮೀರಿಯೂ ಅದು ಮೊದಲಿನಂತೆ ಬೆಳೆಯುತ್ತದೆ. ಹೊಸ ಪತ್ರದಲ್ಲಿ ಮೂಲವು ನಾಲ್ಕು ಚೀಲವಲ್ಲ, ಹನ್ನೆರಡು. ದೀಡಿಯ ಮಾತು ಹಳೆಯದೇ, ಏರಿಕೆ ಸುಗ್ಗಿಗೆ ಆರು ಚೀಲ.