ಅರ್ಧ ನಿಮ್ಮದು, ಅರ್ಧ ನಮ್ಮದು

ಅಡಿಕೆ ಗೋದಾಮಿನ ಲೆಕ್ಕ ನೋಡಲು ಹೋದವರಿಗೆ ಮೊದಲು ಎದುರಾಗುವುದು ತೂಕದ ತಕರಾರು. ಬೇಸಿಗೆಯಲ್ಲಿ ಒಳಗೆ ಬಂದ ಚೀಲ ಕೆಲವು ವಾರ ಕಳೆದು ಹೊರಗೆ ಹೋಗುವಾಗ ಹಗುರಾಗಿರುತ್ತದೆ. ‘ಒಣಗಿತು’ ಎನ್ನುತ್ತಾರೆ ಗೋದಾಮಿನವರು. ಅದು ನಿಜವೂ ಇರಬಹುದು. ಮಳೆಗಾಲದ ಥಂಡಿಗೆ ಅದೇ ಅಡಿಕೆ ತೇವ ಎಳೆದುಕೊಂಡು ಭಾರವಾಗುವುದೂ ಉಂಟು. ಹಾಗಾದರೆ ಎಷ್ಟು ಇಳಿದರೆ ಒಣಗಿದ್ದು, ಎಷ್ಟು ಇಳಿದರೆ ಕದ್ದದ್ದು? ಆಷಾಢದಲ್ಲಿ ತೂಕ ಏರಬೇಕಾಗಿದ್ದ ದಾಸ್ತಾನು ಪುಸ್ತಕದಲ್ಲಿ ಬರೆದಷ್ಟೇ ತೂಗಿದರೆ ಸಮಾಧಾನಪಡಬೇಕೋ, ಅನುಮಾನಪಡಬೇಕೋ?

ಇದಕ್ಕೆ ಉತ್ತರ ಲೆಕ್ಕಶಾಸ್ತ್ರದ ಪಠ್ಯದಲ್ಲಿ ಸಿಗುವುದಿಲ್ಲ. ಚಾಲಿ ಅಡಿಕೆಯನ್ನೂ ಕೆಂಪಡಿಕೆಯನ್ನೂ ಬೇರೆ ಬೇರೆ ಇಟ್ಟು, ಕರಾವಳಿಯಲ್ಲೊಮ್ಮೆ ಘಟ್ಟದ ಮೇಲೊಮ್ಮೆ ವರ್ಷವಿಡೀ ತೂಗಿ ಬರೆದಿಟ್ಟವರು ಮಾತ್ರ ಹೇಳಬಲ್ಲರು. ಆ ತೂಗುವ ಕೆಲಸಕ್ಕೆ ದುಡ್ಡು ಕೊಡುವವರು ಯಾರು? ಇಂಥ ಪ್ರಶ್ನೆಗಳಿಗೆ ಒದಗಬಲ್ಲ ಒಂದು ಏರ್ಪಾಡಿನ ಹೆಸರು ಮ್ಯಾಚಿಂಗ್ ಗ್ರಾಂಟ್. ಊರವರು ಎಷ್ಟು ಕೂಡಿಸುತ್ತಾರೋ ಅಷ್ಟನ್ನೇ ದೊಡ್ಡ ಸಂಸ್ಥೆ ಸೇರಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ವಂತಿಗೆ ಎತ್ತಿ ಶಾಲೆಯ ಕೊಠಡಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೋದಾಮಿನ ಇಂಥ ಲೆಕ್ಕ ನೋಡುವವರು ಇಂಟರ್ನಲ್ ಆಡಿಟರುಗಳು, ಅಂದರೆ ಆಂತರಿಕ ಲೆಕ್ಕಪರಿಶೋಧಕರು. ಇಂಟರ್ನಲ್ ಆಡಿಟರ್ ಎಂದರೆ ವರ್ಷದ ಕೊನೆಗೆ ಹೊರಗಿನಿಂದ ಬಂದು ಸಹಿ ಹಾಕಿ ಹೋಗುವ ಪರಿಶೋಧಕ ಅಲ್ಲ. ಅವರು ಸಂಸ್ಥೆಯ ಪರವಾಗಿಯೇ ವರ್ಷವಿಡೀ ಕೆಲಸ ಮಾಡುತ್ತಾರೆ. ವೋಚರ್ ತಾಳೆ ನೋಡುವುದಷ್ಟೇ ಅಲ್ಲದೆ ಗೋದಾಮಿನ ಬೀಗದ ಕೈ ಯಾರ ಬಳಿ ಇದೆ, ಕೊಳ್ಳುವವರೇ ಪಾವತಿಯನ್ನೂ ಮಾಡುತ್ತಿದ್ದಾರೆಯೇ ಎಂದೂ ಕೇಳುತ್ತಾರೆ. 2002ರಲ್ಲಿ ಅಮೆರಿಕದ ವರ್ಲ್ಡ್‌ಕಾಮ್ ಕಂಪನಿಯಲ್ಲಿ ಸಿಂಥಿಯಾ ಕೂಪರ್ ಮತ್ತು ಅವರ ತಂಡದವರು ರಾತ್ರಿ ಹೊತ್ತು ಕಡತ ಜಾಲಾಡಿ, ಖರ್ಚನ್ನು ಆಸ್ತಿಯೆಂದು ಬರೆದು ಲಾಭ ಹಿಗ್ಗಿಸಿದ್ದ 380 ಕೋಟಿ ಡಾಲರಿನ ಮೋಸವನ್ನು ಬಯಲಿಗೆಳೆದರು. ಅವರು ಇಂಟರ್ನಲ್ ಆಡಿಟರುಗಳೇ.

ಈ ವೃತ್ತಿಯ ಮಾತೃಸಂಸ್ಥೆ ಇನ್‌ಸ್ಟಿಟ್ಯೂಟ್ ಆಫ್ ಇಂಟರ್ನಲ್ ಆಡಿಟರ್ಸ್. 1941ರಲ್ಲಿ ನ್ಯೂಯಾರ್ಕಿನಲ್ಲಿ 24 ಜನ ಸೇರಿ ಕಟ್ಟಿದ್ದು. ಮೊದಲ ಅಧ್ಯಕ್ಷರು ಜಾನ್ ಥರ್ಸ್ಟನ್. ಸಂಸ್ಥೆ ಬೆಳೆದದ್ದು ಊರೂರಿನ ಶಾಖೆಗಳ ಮೂಲಕ. 1944ರಲ್ಲಿ ಟೊರಾಂಟೊ, 1948ರಲ್ಲಿ ಲಂಡನ್ ಮತ್ತು ಮನಿಲಾ. ಈಗ ಬೆಂಗಳೂರಿನಲ್ಲೂ ಶಾಖೆಯಿದೆ. ಅದರ ಧ್ಯೇಯವಾಕ್ಯದ ತಾತ್ಪರ್ಯ, ಹಂಚಿಕೊಂಡೇ ಮುಂದೆ ಸಾಗುವುದು. ಹಂಚಿಕೊಳ್ಳಲು ಕೈಯಲ್ಲಿ ಏನಾದರೂ ಇರಬೇಕಲ್ಲ, ಅದಕ್ಕಾಗಿ 1976ರಲ್ಲಿ ಪ್ರತ್ಯೇಕ ಸಂಶೋಧನಾ ಪ್ರತಿಷ್ಠಾನವೊಂದು ಹುಟ್ಟಿತು. ಈಗ ಅದನ್ನು ಇಂಟರ್ನಲ್ ಆಡಿಟ್ ಫೌಂಡೇಷನ್ ಎನ್ನುತ್ತಾರೆ.

ಸಂಶೋಧನೆ ಈ ವೃತ್ತಿಗೆ ಶೋಕಿಯಾಗಿರಲಿಲ್ಲ. 1973ರಲ್ಲಿ ಅಮೆರಿಕದ ಈಕ್ವಿಟಿ ಫಂಡಿಂಗ್ ಎಂಬ ಕಂಪನಿ ಕಂಪ್ಯೂಟರಿನಲ್ಲಿ ಸಾವಿರಾರು ಸುಳ್ಳು ವಿಮಾ ಪಾಲಿಸಿಗಳನ್ನು ಸೃಷ್ಟಿಸಿ ಸಿಕ್ಕಿಬಿದ್ದಿತ್ತು. ಕಾಗದದ ಲೆಕ್ಕ ಓದಲು ಕಲಿತವರಿಗೆ ಯಂತ್ರದೊಳಗಿನ ಲೆಕ್ಕವನ್ನು ಓದುವ ಬಗೆ ತಿಳಿದಿರಲಿಲ್ಲ. ಐಬಿಎಂ ಕೊಟ್ಟ 5 ಲಕ್ಷ ಡಾಲರಿನಲ್ಲಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಅಧ್ಯಯನ ನಡೆಸಿತು. ಕಂಪ್ಯೂಟರ್ ವ್ಯವಸ್ಥೆಗಳ ಪರಿಶೋಧನೆ ಕುರಿತ ಅದರ ವರದಿ 1977ರಲ್ಲಿ ಹೊರಬಂತು. ಇಂದು ನಮ್ಮ ಬ್ಯಾಂಕುಗಳಲ್ಲಿ ಸಾಫ್ಟ್‌ವೇರ್ ತಪಾಸಣೆ ಮಾಡುವವರ ವಿದ್ಯೆಯ ಬೇರುಗಳಲ್ಲಿ ಒಂದು ಅಲ್ಲಿದೆ.

ಆದರೆ ಮೇಲಿನಿಂದ ನೋಡುವ ಸಂಶೋಧನೆಗೆ ಒಂದು ಮಿತಿ ಇದೆ. ಪ್ರತಿಷ್ಠಾನ 2015ರಲ್ಲಿ ನಡೆಸಿದ ಜಾಗತಿಕ ಸಮೀಕ್ಷೆಗೆ 166 ದೇಶಗಳ 14,518 ಮಂದಿ ಉತ್ತರಿಸಿದರು. ಬೃಹತ್ ಕೆಲಸ, ಗೌರವದಿಂದಲೇ ಹೇಳುತ್ತೇನೆ. ಆದರೂ ಭಾಗಿಸಿ ನೋಡಿದರೆ ಸರಾಸರಿ ದೇಶಕ್ಕೆ ತೊಂಬತ್ತು ಮಂದಿಯೂ ಇಲ್ಲ. ಹಾಲಿನ ಡೇರಿಯಲ್ಲಿ ಸದಸ್ಯರಿಂದ ಅಳೆದುಕೊಂಡ ಹಾಲಿಗೂ ಒಕ್ಕೂಟಕ್ಕೆ ಹೋದ ಹಾಲಿಗೂ ನಡುವಿನ ಜಿಡ್ಡಿನ ವ್ಯತ್ಯಾಸವನ್ನು ಈ ಜರಡಿ ಹಿಡಿಯಲಾರದು. ಅದನ್ನು ಹಿಡಿಯಲು ಮುಂಜಾನೆ ಆರಕ್ಕೆ ಡೇರಿಯ ಬಾಗಿಲಲ್ಲಿ ನಿಲ್ಲುವವರು ಬೇಕು.

ಊರಿನ ಶಾಖೆ ಅರ್ಧ, ಇಂಥ ಪ್ರತಿಷ್ಠಾನ ಅರ್ಧ ಹಾಕುವ ಮ್ಯಾಚಿಂಗ್ ಗ್ರಾಂಟಿನ ಹೆಚ್ಚುಗಾರಿಕೆ ನನಗೆ ಕಾಣುವುದು ಇಲ್ಲಿ. ಪೂರ್ತಿ ದುಡ್ಡು ದೂರದಿಂದ ಬಂದರೆ ಪ್ರಶ್ನೆಯೂ ದೂರದಿಂದಲೇ ಬರುತ್ತದೆ. ಪೂರ್ತಿ ದುಡ್ಡು ಸ್ಥಳೀಯ ಕಂಪನಿಯದೇ ಆದರೆ ಕಹಿ ಉತ್ತರವನ್ನು ಅಚ್ಚುಮಾಡುವ ಧೈರ್ಯ ಸಂಶೋಧಕರಿಗೆ ಇರುವುದಿಲ್ಲ. ಇಬ್ಬರ ದುಡ್ಡಿದ್ದಾಗ ಪ್ರಶ್ನೆ ಊರಿನದಾಗಿರುತ್ತದೆ. ಅಧ್ಯಯನದ ವಿಧಾನ ಸರಿಯಿದೆಯೇ ಎಂದು ನೋಡುವ ಕಣ್ಣು ಹೊರಗಿನದಾಗಿರುತ್ತದೆ. ಶಾಖೆಯ ಸದಸ್ಯರು ತಮ್ಮ ಜೇಬಿನಿಂದ ಹಾಕಿದ ಹಣಕ್ಕೆ ವರದಿ ಬಂತೇ ಎಂದು ಕೇಳಿಯೇ ಕೇಳುತ್ತಾರೆ.

ಪುಸ್ತಕಗಳ ಲೋಕದಲ್ಲಿ ಹೀಗೆ ಪಾಲು ಕೂಡಿಸುವುದು ನಮಗೆ ಹೊಸದೇನಲ್ಲ. 1972ರಲ್ಲಿ ಸ್ಥಾಪನೆಯಾದ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ರಾಜ್ಯಗಳು ತಮ್ಮ ಪಾಲು ಹಾಕಿದರೆ ತಾನೂ ಪಾಲು ಸೇರಿಸಿ ಗ್ರಂಥಾಲಯಗಳಿಗೆ ನೆರವಾಗುತ್ತದೆ.

ಒಂದು ಅನ್ಯಾಯವನ್ನು ಮಾತ್ರ ಮುಚ್ಚಿಡಬಾರದು. ಸಮಪಾಲಿನ ನಿಯಮ ಉಳ್ಳವರ ಕಡೆಗೆ ವಾಲುತ್ತದೆ. ದೊಡ್ಡ ನಗರದ ಶಾಖೆ ಒಂದು ಸಂಜೆಯಲ್ಲಿ ತನ್ನ ಅರ್ಧ ಎತ್ತಬಲ್ಲದು. ತಾಲ್ಲೂಕು ಕೇಂದ್ರದ ವಾಣಿಜ್ಯ ಕಾಲೇಜಿನ ಅಧ್ಯಾಪಕಿಗೆ ಅದು ಎರಡು ವರ್ಷದ ಓಡಾಟ. ಶಾಲೆಯ ಕೊಠಡಿ ಕಟ್ಟುವಾಗ ಹಣವಿಲ್ಲದವರು ಕಲ್ಲು ಹೊತ್ತರು, ಗಾಡಿ ಕೊಟ್ಟರು. ಅದೂ ವಂತಿಗೆಯೇ ಎಂದು ಊರು ಒಪ್ಪಿತು. ಹಾಗೆಯೇ ಗೋದಾಮಿನ ಬಾಗಿಲು ತೆರೆದುಕೊಟ್ಟದ್ದು, ಹಮಾಲರು ಚೀಲ ಎತ್ತಿ ತಕ್ಕಡಿಗಿಟ್ಟ ಗಂಟೆಗಳು, ಹಳೆಯ ದಾಸ್ತಾನು ಪುಸ್ತಕ ಬಿಚ್ಚಿಟ್ಟದ್ದು ಇವನ್ನೆಲ್ಲ ಸ್ಥಳೀಯ ಪಾಲಿನಲ್ಲಿ ಎಣಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲಿ ಇಂಥ ಅಧ್ಯಯನಕ್ಕೆ ತುರ್ತು ಇದೆ. 2013ರ ಕಂಪನಿ ಕಾಯ್ದೆಯ 138ನೇ ಕಲಮು ಷೇರುಪೇಟೆಯಲ್ಲಿ ನೋಂದಾಯಿತವಾದ ಎಲ್ಲ ಕಂಪನಿಗಳಿಗೂ, 200 ಕೋಟಿ ರೂಪಾಯಿ ವಹಿವಾಟು ಮುಟ್ಟಿದ ಖಾಸಗಿ ಕಂಪನಿಗಳಿಗೂ ಆಂತರಿಕ ಲೆಕ್ಕಪರಿಶೋಧನೆಯನ್ನು ಕಡ್ಡಾಯ ಮಾಡಿತು. ಪರಿಶೋಧಕರು ಹೆಚ್ಚಿದರು. ಅವರ ಕೈಯಲ್ಲಿರುವ ತಪಾಸಣಾ ಪಟ್ಟಿಗಳು ಮಾತ್ರ ಬಹುಪಾಲು ಬೇರೆ ಹವೆಯಲ್ಲಿ, ಬೇರೆ ಸರಕು ನೋಡಿ ಬರೆದವು. ಅಡಿಕೆಯ ಸಾಲು ಅಲ್ಲಿಲ್ಲ. ಅದನ್ನು ಬರೆಯಲು ಬೇಕಾದದ್ದು ಕೆಲವು ಚೀಲ, ತೇವಾಂಶ ಅಳೆಯುವ ಒಂದು ಉಪಕರಣ, ಕಾರ್ತಿಕದಿಂದ ಕಾರ್ತಿಕದವರೆಗೆ ವಾರಕ್ಕೊಮ್ಮೆ ತಪ್ಪದೆ ತಕ್ಕಡಿಯ ಮುಂದೆ ಕೂರುವ ಒಬ್ಬ ವಿದ್ಯಾರ್ಥಿ, ಮತ್ತು ಆ ವಿದ್ಯಾರ್ಥಿಯ ಬಸ್ ಚಾರ್ಜಿನಲ್ಲಿ ಅರ್ಧ ಕೊಡಲು ಒಪ್ಪುವ ಊರಿನ ನಾಲ್ಕು ಜನ.