ಗಡಿ ದಾಟುವ ನಾಯಿ

ಫ್ರಾನ್ಸ್ ದೇಶದ ಕ್ಯಾಲೆ ಬಂದರಿನಿಂದ ಇಂಗ್ಲೆಂಡಿನ ಡೋವರ್ ಬಂದರಿಗೆ ಹಡಗಿನಲ್ಲಿ ಹೋಗಲು ಸುಮಾರು ಒಂದೂವರೆ ಗಂಟೆ ಸಾಕು. ಆದರೆ ಪ್ರಯಾಣಿಕನ ಸಂಗಡ ಅವನ ನಾಯಿಯೂ ಹೊರಟಿದ್ದರೆ ಅದಕ್ಕೆ ಬೇಕಾದ ಸಿದ್ಧತೆ ವಾರಗಳ ಮೊದಲೇ ಆರಂಭವಾಗಬೇಕು. ಗುರುತಿಗಾಗಿ ನಾಯಿಯ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಕ್ಕದಾದ ಮೈಕ್ರೋಚಿಪ್ಪನ್ನು ಸೇರಿಸಿರಬೇಕು. ಮೊದಲ ಸಲ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದರೆ ೨೧ ದಿನಗಳು ಕಳೆದಿರಬೇಕು. ಇವುಗಳ ಜೊತೆಗೆ ಇನ್ನೊಂದು ನಿಯಮವಿದೆ. ನಾಯಿಯು ದೇಶವನ್ನು ಪ್ರವೇಶಿಸುವುದಕ್ಕೆ ೨೪ ಗಂಟೆಗಳಿಗಿಂತ ಕಡಿಮೆಯಲ್ಲದಂತೆ, ೧೨೦ ಗಂಟೆಗಳಿಗಿಂತ ಹೆಚ್ಚಲ್ಲದಂತೆ ಮುಂಚಿತವಾಗಿ ಪಶುವೈದ್ಯರು ಅದಕ್ಕೆ ಲಾಡಿಹುಳುವಿನ ಔಷಧಿಯನ್ನು ಕೊಟ್ಟು, ಆ ದಿನವನ್ನೂ ವೇಳೆಯನ್ನೂ ಪ್ರಯಾಣಪತ್ರದಲ್ಲಿ ಬರೆದಿರಬೇಕು. ಆರೋಗ್ಯದಿಂದಿರುವ ನಾಯಿಗೆ ಔಷಧಿಯೇಕೆ? ಅದಕ್ಕೆ ಗಂಟೆಗಳ ಲೆಕ್ಕವಾದರೂ ಏಕೆ?

ಈ ನಿಯಮದ ಗುರಿ ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್ ಎಂಬ ಲಾಡಿಹುಳು. ಲಾಡಿಹುಳುಗಳಲ್ಲಿ ಕೆಲವು ಹಲವಾರು ಮೀಟರು ಉದ್ದ ಬೆಳೆಯುತ್ತವೆ. ಇದಾದರೋ ಕೆಲವೇ ಮಿಲಿಮೀಟರು ಉದ್ದವಿರುತ್ತದೆ. ಇದರ ಮುಖ್ಯ ನೆಲೆ ಕೆಂಪು ನರಿಯ ಸಣ್ಣ ಕರುಳು. ನರಿಯ ಮಲದೊಡನೆ ಹೊರಬಿದ್ದ ಹುಳುವಿನ ಮೊಟ್ಟೆಗಳು ಹುಲ್ಲಿನೊಡನೆ ಹೊಲದ ಇಲಿಗಳ ಹೊಟ್ಟೆಯನ್ನು ಸೇರುತ್ತವೆ. ಇಲಿಯ ಯಕೃತ್ತಿನಲ್ಲಿ ಮರಿಹುಳುಗಳು ಬೆಳೆಯುತ್ತವೆ. ಅಂತಹ ಇಲಿಯನ್ನು ನರಿ ತಿಂದಾಗ ಹುಳುವಿನ ಜೀವನಚಕ್ರ ಪೂರ್ಣವಾಗುತ್ತದೆ. ಇಲಿಯನ್ನು ಹಿಡಿದು ತಿನ್ನುವ ನಾಯಿಯೂ ನರಿಯಂತೆಯೇ ಈ ಹುಳುವಿಗೆ ಆಶ್ರಯವಾಗುತ್ತದೆ. ಸಾಮಾನ್ಯವಾಗಿ ನಾಯಿಯಲ್ಲಿ ರೋಗದ ಯಾವ ಚಿಹ್ನೆಯೂ ತೋರದು.

ಅಪಾಯವಿರುವುದು ಮನುಷ್ಯನಿಗೆ. ಕಣ್ಣಿಗೆ ಕಾಣದ ಈ ಮೊಟ್ಟೆಗಳು ನಾಯಿಯ ಕೂದಲಿನಿಂದ ಕೈಗೂ ಕೈಯಿಂದ ಬಾಯಿಗೂ ಬರಬಲ್ಲವು. ಹೀಗೆ ದೇಹವನ್ನು ಸೇರಿದ ಮರಿಹುಳುಗಳು ಯಕೃತ್ತಿನಲ್ಲಿ ಗಂತಿಯಂತೆ ಮೆಲ್ಲಮೆಲ್ಲನೆ ಹಬ್ಬುತ್ತವೆ. ೫ರಿಂದ ೧೫ ವರ್ಷಗಳವರೆಗೆ ರೋಗಿಗೆ ಏನೂ ತಿಳಿಯದಿರಬಹುದು. ತಿಳಿದ ಮೇಲೆ ಶಸ್ತ್ರಚಿಕಿತ್ಸೆಯೂ ದೀರ್ಘಕಾಲದ ಔಷಧೋಪಚಾರವೂ ಬೇಕಾಗುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಸಾವು ಬಹುಮಟ್ಟಿಗೆ ಖಚಿತ.

ನಾಯಿಯ ಕರುಳಿನಲ್ಲಿರುವ ಹುಳುಗಳನ್ನು ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಕೊಲ್ಲುತ್ತದೆ. ಆದರೆ ಹುಳುಗಳನ್ನು ಕೊಲ್ಲುವ ಈ ಔಷಧಿಗೆ ಮೊಟ್ಟೆಗಳನ್ನು ನಾಶಮಾಡುವ ಶಕ್ತಿಯಿಲ್ಲ. ಔಷಧಿ ಕೊಟ್ಟೊಡನೆ ನಾಯಿಯನ್ನು ಕರೆದೊಯ್ದರೆ ಸತ್ತ ಹುಳುಗಳೊಡನೆ ಜೀವಂತ ಮೊಟ್ಟೆಗಳೂ ಹೊಸ ನೆಲದಲ್ಲಿ ಬೀಳಬಹುದು. ಆದುದರಿಂದ ಕನಿಷ್ಠ ೨೪ ಗಂಟೆಗಳ ಕಾಲ ಕಾಯಬೇಕು. ಈ ಔಷಧಿಯ ಪ್ರಭಾವ ದೇಹದಲ್ಲಿ ಬಹುಕಾಲ ಉಳಿಯುವುದೂ ಇಲ್ಲ. ಇಂದು ಔಷಧಿ ತೆಗೆದುಕೊಂಡ ನಾಯಿ ಕೆಲವು ದಿನಗಳಲ್ಲಿಯೇ ಮತ್ತೊಂದು ಇಲಿಯನ್ನು ತಿಂದು ಹುಳುವನ್ನು ಪಡೆಯಬಹುದು. ದಿನಗಳು ಕಳೆದಷ್ಟೂ ಈ ಸಂಭವ ಹೆಚ್ಚು. ಆದುದರಿಂದ ೧೨೦ ಗಂಟೆಗಳನ್ನು ಮೀರಬಾರದು. ಈ ಎರಡು ಅಂಕಿಗಳೂ ಹುಳುವಿನ ಬದುಕನ್ನೂ ಔಷಧಿಯ ಗುಣವನ್ನೂ ಅರಿತು ಗೊತ್ತುಮಾಡಿದವು.

ಮಧ್ಯ ಯೂರೋಪಿನ ನರಿಗಳಲ್ಲಿ ಈ ಹುಳು ನೆಲೆಯೂರಿದೆ. ಬ್ರಿಟನ್, ಐರ್ಲೆಂಡ್, ಫಿನ್ಲೆಂಡ್, ಮಾಲ್ಟಾ ಹಾಗೂ ನಾರ್ವೆಯ ಮುಖ್ಯಭೂಮಿ ಇದರಿಂದ ಮುಕ್ತವಾಗಿವೆ. ಆದುದರಿಂದಲೇ ಈ ದೇಶಗಳು ಈ ನಿಯಮವನ್ನು ಕಾಯ್ದುಕೊಂಡಿವೆ. ಹಿಂದೆ ಸ್ವೀಡನ್ ದೇಶವೂ ಹೊರಗಿನಿಂದ ಬರುವ ನಾಯಿಗಳಿಗೆ ಔಷಧಿಯನ್ನು ಕಡ್ಡಾಯಗೊಳಿಸಿತ್ತು. ೨೦೧೧ರಲ್ಲಿ ಅಲ್ಲಿಯ ನರಿಯೊಂದರಲ್ಲಿ ಹುಳು ಪತ್ತೆಯಾಯಿತು. ಸ್ವೀಡನ್ ಹುಳುವಿನಿಂದ ಮುಕ್ತವೆಂಬ ಮಾತು ಅಲ್ಲಿಗೆ ಮುಗಿಯಿತು, ನಿಯಮವೂ ಕೊನೆಗೊಂಡಿತು. ಮನೆಯ ನಾಯಿಗೆ ಔಷಧಿಯನ್ನು ಕೊಡಬಹುದು. ಕಾಡುಮೇಡುಗಳಲ್ಲಿ ಅಲೆಯುವ ನರಿಗಳೆಲ್ಲಕ್ಕೂ ಇಲಿಗಳೆಲ್ಲಕ್ಕೂ ಅದನ್ನು ಕೊಡುವುದು ಸುಲಭವೆ?

ಹುಳುವಿದ್ದರೂ ನಾಯಿ ಆಡುತ್ತದೆ, ಓಡುತ್ತದೆ. ಆದುದರಿಂದ ಔಷಧಿಯನ್ನು ಮರೆತರೆ ಒಡೆಯನಿಗೆ ಯಾವ ನಷ್ಟವೂ ಕಾಣುವುದಿಲ್ಲ. ಅದರ ಫಲವನ್ನು ಉಣ್ಣಬೇಕಾದವನು ಹತ್ತು ವರ್ಷಗಳ ಅನಂತರ ರೋಗಕ್ಕೆ ತುತ್ತಾಗುವ ಬೇರೊಬ್ಬನಾಗಿರಬಹುದು. ತಾನು ಎಂದೂ ಕಾಣದ ಆ ವ್ಯಕ್ತಿಯ ಹಿತಕ್ಕಾಗಿ ಒಂದು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿಸುವುದು ನಾಯಿಯನ್ನು ಸಾಕಿದವನ ಕರ್ತವ್ಯ.